ಬಲಗಡೆಯ ಬೆಸುಗೆ

ಫ್ಲಿಂಟ್, ಮಿಶಿಗನ್
ಅಕ್ಟೋಬರ್ 9

ಮಾನ್ಯ ಶ್ರೀಮತಿ ಲೊರೇನ್ ಅವರಿಗೆ,

ಶನಿವಾರ ನಿಮ್ಮ 1969ರ, ಭಾರಿ ಎಂಜಿನ್ನಿನ ಮಸಲ್ ಕಾರಿನ ಅಡಿಯಲ್ಲಿ, ಬಲಗಡೆಯ ಚೌಕಟ್ಟಿಗೆ ನಾನು ಹಿಡಿದ ಅಯಸ್ಕಾಂತ ಅಂಟದೆ ಜಾರಿಬಿತ್ತು. ಅಲ್ಲಿ ಉಕ್ಕಿನ ಬದಲು, ತೂತು ಮುಚ್ಚಲು ಮೆತ್ತುವ ಪುಟ್ಟಿ ತುಂಬಿತ್ತು. "ನಮ್ಮ ಹಾರ್ಲನ್ ಕೆಲಸ ಇದು, ಬಿಡಿ ರಾಯ್ಸ್. ಆ ಮನುಷ್ಯನಿಗೆ ಬೆಸುಗೆಗಿಂತ ಬಣ್ಣ ಬಳಿಯೋ ಆತುರಾನೇ ಜಾಸ್ತಿ" ಎಂದು ನೀವು ನಕ್ಕಿರಿ. "ಅಪ್ಪ ಮೇಲಿಂದ ಕೇಳಿಸ್ಕೊಂಡ್ರೆ ಸ್ಪ್ಯಾನರ್ ಎಸೀತಾರೆ, ಸುಮ್ನಿರಮ್ಮ" ಎಂದಳು ನಿಮ್ಮ ಮಗಳು ಟೆಸ್. ನಾನೂ ನಕ್ಕೆ.

ಆ ಪುಟ್ಟಿ ತುಂಬಿದವನು ನಾನು. ಹತ್ತೊಂಬತ್ತು ವರ್ಷಗಳ ಹಿಂದೆ, ಹಳೆಯ ಕಾರುಗಳ ಪ್ರದರ್ಶನಕ್ಕೆ ಎರಡೇ ದಿನ ಉಳಿದಿದ್ದಾಗ, ಬಲಗಡೆಯ ತುಕ್ಕು ಕತ್ತರಿಸಿ ಹೊಸ ಉಕ್ಕು ಬೆಸೆಯುವುದಾಗಿ ಹಾರ್ಲನ್‌ಗೆ ಮಾತು ಕೊಟ್ಟು, ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದೆ. ಅವನು ತೀರಿಕೊಳ್ಳುವವರೆಗೂ ಹೇಳಲಿಲ್ಲ.

ದಯವಿಟ್ಟು ಟೆಸ್ ಈ ಕಾರನ್ನು ಓಡಿಸದಂತೆ ನೋಡಿಕೊಳ್ಳಿ. ಜೋರಾಗಿ ಬ್ರೇಕ್ ಒತ್ತಿದರೆ ಚೌಕಟ್ಟು ಮುರಿಯಬಹುದು. ಸೋಮವಾರ ಟ್ರಕ್ಕಿನಲ್ಲಿ ಒಯ್ದು ಸರಿಪಡಿಸುತ್ತೇನೆ. ನನ್ನ ಕೈ ಬೇಡವೆನಿಸಿದರೆ, ನೀವು ಹೇಳಿದ ಕಡೆಗೆ ತಲುಪಿಸುತ್ತೇನೆ.

ಎಡಗಡೆಯ ಬೆಸುಗೆ ಹಾರ್ಲನ್‌ನದು. ದೀಪ ಹಿಡಿದು ಅದನ್ನು ಉದ್ದಕ್ಕೂ ಪರೀಕ್ಷಿಸಿದೆ; ಎಲ್ಲೂ ಬಿರುಕಿಲ್ಲ. ಅದನ್ನು ಯಾರೂ ಬಿಚ್ಚಬೇಕಾಗಿಲ್ಲ. ಟೆಸ್‌ಗೆ ಇಷ್ಟನ್ನು ತಿಳಿಸಿ.

ಇಂತು,
ರಾಯ್ಸ್ ಹ್ಯಾಡ್ಲಿ