ಮಾವನ ಕಾರಿನ ಬ್ರೇಕು

ಬಿಣಗಾ
೧೨ ಜನವರಿ ೨೦೨೫

ಸಂಧ್ಯಾಳ ಪ್ರೀತಿಯ ಅಣ್ಣನಿಗೆ, ಅಂದರೆ ನನ್ನವರಿಗೆ,

ಹೇಗಿದ್ದೀರಿ? ಹಡಗಿನ ಅಡುಗೆ ಇನ್ನೂ ಬಾಯಿಗೆ ಹತ್ತಲಿಲ್ಲವೇ? ಬೆನ್ನು ನೋವು ಕಡಿಮೆಯಾಯಿತೇ? ನಿಮ್ಮ ಫೋನು ಸಿಗುವುದು ಹುಣ್ಣಿಮೆಗೋ ಅಮಾವಾಸ್ಯೆಗೋ. ಪಕ್ಕದ ಮನೆಯ ರೋಷನ ಮುಂಬಯಿಯಲ್ಲಿ ನಿಮ್ಮದೇ ಹಡಗು ಹತ್ತುತ್ತಾನಂತೆ. ಅದಕ್ಕೇ ಅವನ ಕೈಯಲ್ಲಿ ಈ ಪತ್ರ, ಜೊತೆಗೆ ಒಣ ಸಿಗಡಿಯ ಪೊಟ್ಟಣ. ಪೊಟ್ಟಣ ಹಗುರಾಗಿದ್ದರೆ ರೋಷನನನ್ನು ಕೇಳಿ, ನನ್ನನ್ನಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಕ್ಷೇಮವಿಲ್ಲದ್ದು ಕಾರೊಂದೇ. ಹಳೆ ಬೋಟಿನ ಎಂಜಿನ್ ಕೊಟ್ಟು ಬದಲಿಗೆ ಮಾವ ಮನೆಗೆ ತಂದ ಆ ಮುದಿ ಆಸ್ಟಿನ್ ಈಗ ಓಡುತ್ತದೆ. ನಿಲ್ಲುವುದೊಂದು ಬಾಕಿ. ನೀವು ಹೋಗುವಾಗ, ಬ್ರೇಕ್ ಸರಿಯಾಗದಿದ್ದರೆ ಗೋವಾದ ಗಿರಾಕಿಗೆ ಕೊಟ್ಟುಬಿಡಿ, ಸಂಧ್ಯಾಳ ಮದುವೆಗೆ ಬಾಡಿಗೆ ಕಾರು ಸಾಕು ಎಂದು ಹೇಳಿ ಹೋದಿರಿ. ಹೇಳುವುದು ಸುಲಭ. ನನ್ನ ಕಾರನ್ನು ನಾನೇ ಓಡಿಸಿ ಮದುಮಗಳನ್ನು ಕರೆತರುತ್ತೇನೆ ಎಂದು ಮಾವ ಅಂಕೋಲೆಯ ಬೀಗರೆದುರು ಮೀಸೆ ತಿರುವಿ ಬಂದಿದ್ದಾರೆ. ಮದುವೆಗೆ ಇನ್ನು ತಿಂಗಳಷ್ಟೇ. ಮಾವನಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆಯೂ ಇರಲಿಲ್ಲ.

ನಮ್ಮ ಮೀನಿನ ಟೆಂಪೊದ ಹಾಗೆ ಇದಕ್ಕೆ ಬ್ರೇಕ್ ಆಯಿಲ್ ಇಲ್ಲವಂತೆ. ಪೆಡಲಿನಿಂದ ನಾಲ್ಕೂ ಗಾಲಿಗೆ ಕಬ್ಬಿಣದ ರಾಡು, ನಾವು ಎಷ್ಟು ಒತ್ತುತ್ತೇವೋ ಅಷ್ಟೇ ಹಿಡಿತ. ಮಾವ ಎಲ್ಲವನ್ನೂ ಬಿಚ್ಚಿ, ತುಕ್ಕು ತಿಕ್ಕಿ, ಮಗುವಿಗೆ ಎಣ್ಣೆ ಹಚ್ಚಿದ ಹಾಗೆ ಒಂದೊಂದಕ್ಕೂ ಗ್ರೀಸ್ ಬಳಿದರು. ರಾಡಿಗೆ ಬಳಿದದ್ದು ಸರಿ. ಗಾಲಿಯ ಡ್ರಮ್ಮಿನ ಒಳಗೂ ಬಳಿದರು, ಗಾಲಿಯನ್ನು ಉಜ್ಜಿ ನಿಲ್ಲಿಸಬೇಕಾದ ಲೈನರಿಗೂ ಬಳಿದರು. ಲೈನರಿಗೆ ಗ್ರೀಸು ಯಾರಾದರೂ ಹಚ್ಚುತ್ತಾರೆಯೇ ಎಂದು ನಾನು ಕೇಳಿದ್ದಕ್ಕೆ, "ಉಪ್ಪು ಗಾಳಿಗೆ ಎಣ್ಣೆ ಕಾಣದ ಕಬ್ಬಿಣ ಉಳೀತದ್ಯಾ?" ಎಂದರು. ಜೀವಮಾನವಿಡೀ ಬೋಟಿನ ಮೇಲಿದ್ದವರಿಗೆ ನಾನೇನು ಹೇಳಲಿ? ಮರುದಿನ ಅಂಗಳದ ಇಳಿಜಾರಿನಲ್ಲಿ ಕಾರು ಬೆಣ್ಣೆಯ ಹಾಗೆ ಜಾರಿ, ರೋಷನನ ತಾಯಿ ಯಶೋದಕ್ಕ ಒಣಹಾಕಿದ್ದ ಬಂಗಡೆಯ ಮೇಲೆ ಹತ್ತಿ, ಅವರ ಅಂಗಳದ ಮಣ್ಣಿನ ದರೆಗೆ ಮೂಗು ತಾಗಿಸಿ ನಿಂತಿತು. ಯಶೋದಕ್ಕ ಅಂದದ್ದನ್ನೆಲ್ಲ ಬರೆಯಲಾರೆ, ಈ ಪತ್ರ ಹೊತ್ತು ತರುವವನು ಅವರ ಮಗ.

ಆಮೇಲೆ ಸೀಮೆಎಣ್ಣೆಯಲ್ಲಿ ಡ್ರಮ್ ತೊಳೆದೆವು. ನಾನು ಟೆಂಪೊ ಓಡಿಸಿಕೊಂಡು ಕಾರವಾರಕ್ಕೆ ಹೋಗಿ, ಕಾರಿನಿಂದ ಬಿಚ್ಚಿದ ಬ್ರೇಕ್ ಶೂಗಳಿಗೆ ಹೊಸ ಲೈನರ್ ಹಾಕಿಸಿಕೊಂಡು ಬಂದೆ. ಇನ್ನು ಉಳಿದದ್ದು ನಾಲ್ಕೂ ಗಾಲಿ ಸಮನಾಗಿ ಹಿಡಿಯುವಂತೆ ರಾಡುಗಳನ್ನು ಹದಕ್ಕೆ ತರುವುದು. ದಡದಲ್ಲಿ ನಿಂತು ಎರಡೂ ಕಡೆಯಿಂದ ರಂಪಣಿ ಬಲೆ ಎಳೆದವರಿಗೆ ಅದೇನು ಹೊಸದಲ್ಲ, ಒಂದು ಕಡೆಯ ಹಗ್ಗ ಮುಂದಾದರೆ ಮೀನೆಲ್ಲ ಇನ್ನೊಂದು ಕಡೆಯಿಂದ ಪರಾರಿ. ದಡದಲ್ಲಿ ಬೋಟಿನ ಅಡಿಗೆ ಕೊಡುವ ಮರದ ದಿಮ್ಮಿಗಳ ಮೇಲೆ ಕಾರನ್ನು ಎತ್ತಿ ಕೂರಿಸಿದೆವು. ಅತ್ತೆ, ಸಂಧ್ಯಾ, ನಾನು, ಸಿಟ್ಟು ಇಳಿದ ಯಶೋದಕ್ಕ, ಹೀಗೆ ಗಾಲಿಗೊಬ್ಬರು. ಮಾವ ಪೆಡಲ್ ಒತ್ತುವುದು, ನಾವು ತಿರುಗಿಸಿ ನೋಡುವುದು. ಒತ್ತಿದರೂ ನಾಲ್ಕೂ ತಿರುಗುತ್ತಿದ್ದವು. ಮಾವ ರಾಡು ಬಿಗಿ ಮಾಡಿದರು, ಒತ್ತದೆಯೂ ಗಾಲಿ ಅಲ್ಲಾಡಲಿಲ್ಲ. ಸಡಿಲ ಮಾಡಿದರು, ಮತ್ತೆ ಗಿರಗಿರ. ವಾರವಿಡೀ ಇದೇ ಹಾಡು. ಅತ್ತೆಯಂತೂ ಗಾಲಿ ತಿರುಗಿಸುತ್ತಲೇ ಬೀಗರಿಗೆ ಹೇಳಲು ನೆಪಗಳನ್ನು ಹುಡುಕತೊಡಗಿದ್ದರು.

ಮೊನ್ನೆ ನನ್ನ ಕೈ ಸೋತಿತು. ಮಾವ, ನೀವು ಗಾಲಿ ಹಿಡಿಯಿರಿ, ನಾನು ಒತ್ತುತ್ತೇನೆ ಎಂದು ಹೋಗಿ ಕೂತೆ. ಒತ್ತಿದೆ. ಅತ್ತೆ ತನ್ನದು ನಿಂತಿತೆಂದರು, ಸಂಧ್ಯಾ ತನ್ನದೂ ಎಂದಳು, ಯಶೋದಕ್ಕನದೂ ನಿಂತಿತು. ಮಾವ ತಮ್ಮ ಗಾಲಿಯನ್ನು ಎರಡೂ ಕೈಯಿಂದ ಎಳೆದು ನೋಡಿದರು. ಜಪ್ಪಯ್ಯ ಎನ್ನಲಿಲ್ಲ. ಇನ್ನೊಮ್ಮೆ ಒತ್ತಲು ಹೇಳಿದರು, ಮತ್ತೆ ಹಾಗೆಯೇ. ಮಾವ ಮೆಲ್ಲಗೆ ಎದ್ದು ನಿಂತು, ಹಿಂದೊಮ್ಮೆ ಬೋಟಿನ ಅಂಚು ಬಡಿದಿದ್ದ ಬಲಮೊಣಕಾಲನ್ನು ಸವರಿಕೊಂಡರು. ಚಹಾ ಮಾಡಲು ಹೇಳಿ ಒಳಗೆ ಹೋದರು.

ಹೀಗೆ ಬ್ರೇಕು ಸರಿಯಾಗಿದೆ, ಗೋವಾದ ಗಿರಾಕಿಗೆ ಬೇರೆ ಕಾರು ನೋಡಿಕೊಳ್ಳಲು ಹೇಳಿ. ಅತ್ತೆ ಮಾವನ ಆಶೀರ್ವಾದ. ಅಣ್ಣ ಸೀರೆ ತರದಿದ್ದರೆ ಮಂಟಪ ಹತ್ತುವುದಿಲ್ಲವೆಂದು ಸಂಧ್ಯಾ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ನೆನಪು ಬಹಳ ಆಗುತ್ತದೆ.

ನಿಮ್ಮ,
ನೀತಾ

ತಾ.ಕ.: ರೋಷನ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಮಾವ ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು, "ಕಾಲ್ನಲ್ಲಿ ಬಲ ಇಲ್ಲ ಮಗಾ. ನೀನೇ ಓಡ್ಸು, ನಾ ಬಾಜೂಕೆ ಕೂತು ಹಾರ್ನ್ ಹೊಡೀತೆ" ಎಂದರು. ನನಗೆ ಅಳು ಬಂತು. ನೀವು ಬಂದಾಗ ಅವರ ಕಾಲಿನ ಸುದ್ದಿ ಎತ್ತಬೇಡಿ, ರಜೆ ಸಿಕ್ಕಿತೆಂದು ಓಡಿಸಲು ಮುಂದೆಯೂ ಬರಬೇಡಿ. ನಿಮಗೆ ಹಿಂದಿನ ಸೀಟು. ಬೀಗರಿಗೆ ಏನೆಂದು ಹೇಳುವುದೋ ಎಂದು ನಾನು ಯೋಚಿಸುತ್ತಿದ್ದರೆ, ಮಾವ ನನ್ನೆದುರೇ ಅಂಕೋಲೆಗೆ ಫೋನು ಹಚ್ಚಿದರು. "ಗಾಡಿ ನಮ್ಮ ಸೊಸೆ ಓಡ್ಸ್ತದೆ. ಬ್ರೇಕು ಅದರ ಮಾತು ಮಾತ್ರ ಕೇಳ್ತದೆ" ಎಂದರು.