ಒಣಗಿದ ಸ್ಲೈಡು

ಮಾರ್ಚ್ ೧೪, ಶುಕ್ರವಾರ ಸಂಜೆ

ದರ್ಜಿಯವರಿಗೆ,

ನಿಮ್ಮನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಮೂರು ಹಾಳೆ ಹರಿದು ಹಾಕಿದೆ. ಎರಡು ವರ್ಷದಿಂದ ಬೇರೆ ಇರುವ ಗಂಡನಿಗೆ ಹೇಗೆ ಬರೆಯಬೇಕೋ ನನಗೆ ಗೊತ್ತಿಲ್ಲ. ನಿಮ್ಮ ಕುತ್ತಿಗೆಯ ಗಂಟು ಕೆಟ್ಟದ್ದಲ್ಲ ಎಂದು ಡಾಕ್ಟರಮ್ಮ ಬೆಳಿಗ್ಗೆ ನಿಮಗೆ ಫೋನಿನಲ್ಲಿ ಹೇಳಿದ್ದಾರೆ. ಸೋಮವಾರದ ಆಪರೇಷನ್ನೂ ಇಲ್ಲ. ನನಗಂತೂ ಹೋದ ಜೀವ ಬಂದಂತಾಗಿದೆ. ಆದರೆ ಮೊದಲ ಸಲ ಸಂಶಯ ಬಂದದ್ದೇಕೆ ಎಂದು ಅವರು ಹೇಳಿಲ್ಲ. ಅದನ್ನು ನಾನೇ ಹೇಳಬೇಕು.

ನಾನು ಆ ಡಾಕ್ಟರಮ್ಮನ ಲ್ಯಾಬಿಗೆ ಸೇರಿ ವರ್ಷವಾಯಿತು. ಹೋದ ವಾರ ಗುರುವಾರ ನೀವು ಪರದೆಯ ಆಚೆ ಮಲಗಿದ್ದಾಗ ನಾನು ಈಚೆ ಇದ್ದೆ. ಡಾಕ್ಟರಮ್ಮ ಗಂಟಿಗೆ ಸೂಜಿ ಹಾಕಿ ತೆಗೆದದ್ದನ್ನು ಗಾಜಿನ ಸ್ಲೈಡಿನ ಮೇಲೆ ಸವರಿ ನನ್ನ ಕೈಗೆ ಕೊಟ್ಟರು. ಅದನ್ನು ಆ ಕ್ಷಣವೇ ಸ್ಪಿರಿಟ್ ಜಾರಿನಲ್ಲಿ ಮುಳುಗಿಸುವುದು ನನ್ನ ಕೆಲಸ. ಜೊತೆಗೆ ಬಂದ ಚೀಟಿಯಲ್ಲಿ ನಿಮ್ಮ ಹೆಸರು ನೋಡಿದೆ. ಎರಡು ನಿಮಿಷವಾದರೂ ಗಾಜು ಹಿಡಿದುಕೊಂಡೇ ನಿಂತಿದ್ದೆ.

ಎರಡು ನಿಮಿಷಕ್ಕೆ ಏನಾಗುತ್ತದೆ ಎಂದು ನೀವು ಕೇಳುತ್ತೀರಿ. ಜೀವಕೋಶ ಎಂದರೆ ಕಣ್ಣಿಗೆ ಕಾಣದಷ್ಟು ಪುಟ್ಟ ಚೀಲ. ಸುತ್ತ ತೆಳು ಪೊರೆ, ಒಳಗೆ ಏನು ಬರಬೇಕು, ಹೊರಗೆ ಏನು ಹೋಗಬೇಕು ಎಂದು ನೋಡಿಕೊಳ್ಳುವುದು ಅದೇ. ಒಳಗೆ ಲೋಳೆಯಂಥ ದ್ರವ. ಕೋಶದ ಕೆಲಸವೆಲ್ಲ ನಡೆಯುವುದು ಅಲ್ಲಿ. ನಡುವೆ ಕೋಶಕೇಂದ್ರ, ಯಾವ ಕೆಲಸ, ಯಾವಾಗ ಎಂಬ ಅಪ್ಪಣೆ ಅದರದು. ಒಳ್ಳೆಯ ಕೋಶದಲ್ಲಿ ಕೇಂದ್ರ ತನ್ನ ಅಳತೆಯಲ್ಲಿರುತ್ತದೆ. ಕೆಟ್ಟದರಲ್ಲಿ ದೊಡ್ಡದಾಗಿ, ಮನೆಯೆಲ್ಲ ನನ್ನದೇ ಎಂದು ಕೂತಿರುತ್ತದೆ. ನಿಮ್ಮ ಅಕ್ಕನ ಹಾಗೆ ಎನ್ನಬೇಕೆಂದಿದ್ದೆ, ಇವತ್ತು ಜಗಳ ಬೇಡ.

ಗಾಜಿನ ಮೇಲೆ ಒಣಗಲು ಬಿಟ್ಟರೆ ಒಳ್ಳೆಯ ಕೋಶವೂ ಹೆಂಚಿನ ಮೇಲೆ ಒಡೆದ ಮೊಟ್ಟೆಯಂತೆ ಚಪ್ಪಟೆಯಾಗಿ ಹರಡುತ್ತದೆ. ಆಗ ಕೇಂದ್ರವೂ ದೊಡ್ಡದಾಗಿ ಕಾಣುತ್ತದೆ. ಮರುದಿನ ಡಾಕ್ಟರಮ್ಮ ನೋಡಿದ್ದು ಅದನ್ನು. “ಇದು ಸರಿ ಕಾಣ್ತಿಲ್ಲ, ತೆಗೆಸಿಬಿಡೋದು ಒಳ್ಳೇದು” ಎಂದರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಶುಕ್ರವಾರದಿಂದ ಮಂಗಳವಾರದವರೆಗೆ ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚು, ತಪ್ಪು ನನ್ನದು ಎನ್ನುವುದು ನನ್ನಿಂದ ಆಗದ ಮಾತು. ಮನೆ ಬಿಟ್ಟು ಅಂಗಡಿಯ ಮೇಲಿನ ಕೋಣೆಗೆ ಹೋಗುವಾಗ ನೀವು ಹೇಳಿದ್ದೂ ಅದನ್ನೇ: “ನಿನ್ನ ಬಾಯಲ್ಲಿ ಒಂದೇ ಒಂದು ಸಲ ತಪ್ಪಾಯ್ತು ಅಂತ ಕೇಳಿಲ್ಲ ನಾನು.” ಆ ದಿನ ನಿಮ್ಮ ಮೇಲೆ ಉರಿದುಬಿದ್ದಿದ್ದೆ. ಆದರೆ ಮಂಗಳವಾರ ಆಪರೇಷನ್ ಪಟ್ಟಿಯಲ್ಲಿ ನಿಮ್ಮ ಹೆಸರು ಕಂಡಾಗ, ಏನೂ ಇಲ್ಲದ ಕುತ್ತಿಗೆಗೆ ನನ್ನಿಂದ ಕತ್ತರಿ ಬೀಳಬಹುದು ಎನಿಸಿತು. ನೆಟ್ಟಗೆ ಡಾಕ್ಟರಮ್ಮನ ಕೋಣೆಗೆ ಹೋದೆ.

ಅವರು ಚೆನ್ನಾಗಿಯೇ ಬೈದರು. ಬೈದು ಮುಗಿಸಿ, “ನಾಳೆ ಅವರನ್ನ ಮತ್ತೆ ಕರೆಸ್ತೀನಿ, ಈ ಸಲ ನೀವು ಕಣ್ಣು ಮುಚ್ಚಿಕೊಂಡಾದ್ರೂ ಜಾರಿಗೆ ಹಾಕಿ” ಎಂದರು. ಬುಧವಾರ ನೀವು “ಮತ್ತೆ ಚುಚ್ತೀರಾ?” ಎಂದು ಗೊಣಗಿದ್ದು ಪರದೆಯ ಈಚೆಗೆ ಕೇಳಿಸಿತು. ನಗು ಬಂತು, ಅಳುವೂ ಬಂತು. ಗಾಜು ಮಾತ್ರ ಜಾರಿನಲ್ಲಿ ಮುಳುಗಿಯಾಗಿತ್ತು.

ಇವತ್ತು ಅವರು ಬೇಡವೆಂದರೂ ನಾನೂ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಎಲ್ಲ ಕೋಶಗಳೂ ಒಂದೇ ಅಳತೆಯವು, ಅಕ್ಕಪಕ್ಕ ಸಾಲಾಗಿ ಕೂತಿದ್ದವು. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ವರ್ಷಕ್ಕೊಮ್ಮೆ ತೋರಿಸಿಕೊಂಡರೆ ಸಾಕಂತೆ.

ನಿಮ್ಮನ್ನು ಎಂಟು ದಿನ ಹೆದರಿಸಿದ್ದು ನಾನು. ತಪ್ಪಾಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡಿ,
ನಿಮ್ಮ ಲ್ಯಾಬಮ್ಮ

ಮರೆತ ಮಾತು: ಮೇಲೆ ಒಂದು ಅರ್ಧ ಸುಳ್ಳಿದೆ. ಹೆಸರು ನೋಡಿದ್ದಕ್ಕೆ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಚೀಟಿಯ ಕೆಳಗೆ, ತುರ್ತಿದ್ದರೆ ಯಾರಿಗೆ ತಿಳಿಸಬೇಕು ಎಂಬಲ್ಲಿ ನೀವು ನನ್ನ ಹೆಸರು ಬರೆದು, ಮುಂದೆ ‘ಹೆಂಡತಿ’ ಎಂದು ಹಾಕಿದ್ದಿರಿ. ಅಲ್ಲಿ ಕೊಟ್ಟಿರುವ ನಂಬರ್ ಈಗ ಇಲ್ಲ. ಹೊಸದನ್ನು ಈ ಹಾಳೆಯ ಹಿಂದೆ ಬರೆದಿದ್ದೇನೆ.