ಮೊದಲು ಕಾರವಾರ, ಆಮೇಲೆ ಬಳ್ಳಾರಿ

ತಂಬ್ರಹಳ್ಳಿ, ಸೋಮವಾರ

ಪ್ರೀತಿಯ ಭೂಮಿಕಾ,

ಫೋನಿನಲ್ಲಿ ಮಾತಾಡಿದರೆ ಅಜ್ಜಿಗೆ ಕೇಳಿಸುತ್ತದೆ, ಅದಕ್ಕೇ ಪತ್ರ. ನೀನು ಕಳಿಸಿದ ಮೆಡಿಕಲ್ ಕಾಲೇಜುಗಳ ಪಟ್ಟಿಯಲ್ಲಿ ಕಾರವಾರ ಮೊದಲಿದೆ, ಬಳ್ಳಾರಿ ಒಂಬತ್ತನೆಯದು. ನಿನ್ನ ಅಂಕಕ್ಕೆ ಎರಡೂ ಸಿಗಬಹುದಂತೆ. ಹಾಗಾದರೆ ದೂರದ್ದೇ ಏಕೆ ಎಂದು ಯೋಚಿಸುತ್ತಿದ್ದೇನೆ.

ಪಟ್ಟಿ ಓದಿ ಹೇಳಿದ ದಿನವೇ ಅಜ್ಜಿ ಗುಡಿಗೆ ಹೋಗಿ ದೇವರ ಹೂ ಕೇಳಿ ಬಂದಳು. ಹೂ ಬಲಕ್ಕೆ ಬಿದ್ದು ಒಪ್ಪಿಗೆಯಾಯಿತಂತೆ.

“ಬಳ್ಳಾರಿನೇ ಕೇಳಿರ್ತೀಯ ಬಿಡು,” ಎಂದು ರೇಗಿದೆ.

“ಅಲ್ಲಲೇ, ಊರಿನ ಹೆಸರೇ ಎತ್ತಿಲ್ಲ. ನಾ ಬಾಯಿ ಮುಚ್ಕೊಂಡಿರ್ಲಾ ಅಂತ ಕೇಳೀನಿ.”

ಅಂದಿನಿಂದ ಕಾಲೇಜಿನ ಮಾತೇ ಆಡಿಲ್ಲ.

ಪಟ್ಟಿ ಬದಲಿಸಲು ಶನಿವಾರ ಕೊನೆ. ಬದಲಿಸಬೇಡ. ಕಾರವಾರ ಏಕೆಂದು ಮಾತ್ರ ಎರಡು ಸಾಲು ಬರೆ. ಅವಳು ಬಾಯಿಬಿಟ್ಟು ಕೇಳುವಂತಿಲ್ಲ, ನಾನೇ ಗಟ್ಟಿಯಾಗಿ ಓದುತ್ತೇನೆ.

ನಿನ್ನ ಅಪ್ಪ,
ಸಿದ್ದಲಿಂಗ